ಅಜ್ಜಿಯ ಕೈಗೆ ಮೆಹಂದಿ

ಹೋದ ಭಾನುವಾರ ಹುಣಸೂರಿನ ಥಿಯೇಟರಿನಲ್ಲಿ ನಮ್ಮಜ್ಜಿಯನ್ನು ನೋಡಿದೆ. ಇಪ್ಪತ್ತೈದರ ಹುಡುಗಿ. ಸೊಂಟದಲ್ಲಿ ಕತ್ತಿ, ಕೈತುಂಬ ಮೆಹಂದಿ. ಹೊಗೆಸೊಪ್ಪಿನ ಹೊಲದಲ್ಲಿ ಡಾನ್ಸ್ ಬೇರೆ!

ಬಿಡಿಸಿ ಹೇಳುತ್ತೇನೆ. ಬಿಳಿಕೆರೆಯಲ್ಲಿರುವ ನಮ್ಮಕ್ಕ (ರಿಟೈರ್ಡ್ ಟೀಚರ್) ಒಂದು ಫ್ಯಾಂಟಸಿ ಕಾದಂಬರಿ ಬರೆದಿದ್ದಾಳೆ. ಹೊಗೆಸೊಪ್ಪನ್ನು ಕಾವು ಕೊಟ್ಟು ಬೇಯಿಸುವ ಮನೆ, ಅಂದರೆ ಬ್ಯಾರನ್ನಿನ ಒಲೆಯಲ್ಲಿ ಕೆಂಡಯ್ಯ ಅಂತ ಒಂದು ಬೆಂಕಿಭೂತ. ಅದನ್ನು ಬರೀ ಬೈದು ಬೈದೇ ಹದ್ದುಬಸ್ತಿನಲ್ಲಿಡುವ ಮುದುಕಿಯೇ ನಮ್ಮಜ್ಜಿ. ಅಜ್ಜಿಯದು ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ನಮಗೆ ಆ ಪುಸ್ತಕವೇ ಫೋಟೋ. ಈಗ ಸಿನಿಮಾದವರು ಅದರ ಮೇಲೆ ಬಣ್ಣ ಬಳಿದಿದ್ದಾರೆ.

ಕಾದಂಬರಿ ಸಿನಿಮಾ ಆಗುವಾಗ ಬದಲಾವಣೆ ಸಹಜ ಅನ್ನುತ್ತಾರೆ. ಸರಿ, ಪುಟಗಳನ್ನು ಪರದೆಗೆ ಅಂಟಿಸಲಾಗದು ಎಂದು ನನಗೂ ಗೊತ್ತು. ಆದರೆ ಮುದುಕಿಯ ಬಾಯಿಗೆ ಭೂತ ಹೆದರುತ್ತದೆ ಎಂಬುದೇ ಕಥೆಯಾಗಿರುವಾಗ, ಆ ಬಾಯನ್ನೇ ಮುಚ್ಚಿಸಿ ಕೈಗೆ ಕತ್ತಿ ಕೊಡುವುದು ಯಾವ ಸಹಜ? ಕೆಂಡಯ್ಯನಿಗೆ ಕೊಂಬು, ಬಾಲ. (ಬಾಲದ ತುದಿಗೂ ಗ್ರಾಫಿಕ್ಸ್!)

ಅವನು ಪ್ರತ್ಯಕ್ಷನಾಗುವ ಸೀನಿನಲ್ಲಿ ಬ್ಯಾರನ್ ಒಳಗೆಲ್ಲ ದಟ್ಟ ಹೊಗೆ. ನಮ್ಮ ಕಡೆ ಮಕ್ಕಳಿಗೂ ಗೊತ್ತು, ಹೊಗೆ ಪೈಪಿನಲ್ಲೇ ಹಾದು ಚಿಮಣಿಯಿಂದ ಆಚೆ ಹೋಗುತ್ತದೆ. ಒಳಗಿರುವುದು ಬರೀ ಕಾವು.

"ಲೇ, ಪೈಪ್ ಒಡ್ದೋಗದೆ ಕಣ್ಲಾ! ಭೂತ ಆಮ್ಯಾಕ್ ನೋಡ್ಕಳವ, ಮೊದ್ಲು ರಿಪೇರಿ ಮಾಡ್ಸಕ್ಕೇಳ್ಲಾ!" ಹಿಂದಿನ ಸಾಲಿನ ರೈತರೊಬ್ಬರು ಕೂಗಿದರು. ಥಿಯೇಟರ್ ಗೊಳ್ಳೆಂದಿತು. ಹೆದರಿ ನಡುಗಬೇಕಾದ ಸೀನು ಸ್ವಾಮಿ ಅದು!

ಇಂಟರ್‌ವಲ್‌ನಲ್ಲಿ, ನನ್ನ ಜೊತೆಗೇ ಬಂದಿದ್ದ ಅಕ್ಕ ಆರಾಮಾಗಿ ಚುರುಮುರಿ ತಿನ್ನುತ್ತಿದ್ದಳು.

"ನಿಂಗೆ ಕೋಪಾನೇ ಬರಲ್ವೇನಕ್ಕಾ?"

"ಬುಡು ಅತ್ಲಾಗೆ. ನನ್ ಪುಸ್ತಕ ಅಂಗೇ ಅದೆಯಲ್ಲ."

"ಅಜ್ಜಿ ಒಲೆ ಮುಂದೆ ನಿಂತ್ಕೊಂಡು, 'ಬಿದ್ಕಂಡೇ ಇರ್ತೀಯಾ ಸೋಂಬೇರಿ, ಏಳು ಮ್ಯಾಕೆ' ಅಂತ ಬೆಂಕಿಗೆ ಬೈತಿದ್ಲಲ್ಲ, ಅದನ್ನೂ ತೆಗೆದುಬಿಟ್ಟವ್ರೆ! ನಾನೇ ಕಣ್ಣಾರೆ ನೋಡಿದೀನಿ!"

ಅಕ್ಕ ಪೊಟ್ಟಣ ಮಡಿಚಿದಳು. "ಎಲ್ ನೋಡ್ದೆ ನೀನು? ಅಜ್ಜಿ ಬೈತಿದ್ದಿದ್ದು ತಾತಂಗೆ ಕಣೋ. ಸೌದೆ ಹಾಕು ಅಂತ ಒಲೆ ಮುಂದೆ ಕೂರಿಸಿದ್ರೆ ನಿದ್ದೆ ಹೊಡೀತಿದ್ದ. ಬೆಂಕಿಗೆ ಬೈಯೋದು ನಾನು ಬರ್ದಿದ್ದು."

ಯೂನಿವರ್ಸಿಟಿಯಲ್ಲಿ ಓದಿ, ಕಂಡವರನ್ನೆಲ್ಲ ಆಧಾರ ಕೇಳುವವನು ನಾನು. ನನ್ನ ತಲೆಯನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲ!

ಕಣ್ಣು ಮುಚ್ಚಿ ಅಜ್ಜಿಯ ಮುಖಕ್ಕಾಗಿ ಹುಡುಕಿದೆ. ಮೊದಲು ಬಂದಳು ಕತ್ತಿ ಹಿಡಿದ ಹುಡುಗಿ. ಅವಳನ್ನು ಓಡಿಸಿದರೆ ಅಕ್ಕನ ಕಾದಂಬರಿಯ ಮುದುಕಿ. ಅವಳ ಹಿಂದೆ? ಮುಖವೇ ಇಲ್ಲ. ಎರಡು ಕೈ ಮಾತ್ರ. ಹೊಗೆಸೊಪ್ಪು ಮುರಿದು ಮುರಿದು, ಅಂಟು ಹತ್ತಿ, ಎಷ್ಟು ಉಜ್ಜಿದರೂ ಬಿಡದೆ ಕರ್ರಗಾದ ಕೈ. ಆ ಕೈ ನನಗೆ ಮುದ್ದೆ ಮುರಿದು ಕೊಡುತ್ತಿದೆ.

"ಆ ಕಪ್ಪು ಕೈಯಾದ್ರೂ ನಿಜಾನಾ ಅಕ್ಕಾ?"

"ಅದು ನಿಜ ಕಣೋ. ಅದನ್ನ ನಾನು ಬರ್ದೇ ಇಲ್ವಲ್ಲ."

ಈಗ ನಾನು ಬರೆದುಬಿಟ್ಟೆ. ಆ ಕೈಗೂ ಮೆಹಂದಿ ಹಚ್ಚಲು ಸಿನಿಮಾದವರಿಗೆಷ್ಟು ಹೊತ್ತು ಬೇಕು?