ಬೀಗದಜ್ಜಿ ಸಾಯೋದಿಲ್ಲ

ಗುಂಪಕ್ಕ ಇದುವರೆಗೆ ಎಷ್ಟು ಸಲ ಸತ್ತಿದ್ದಾಳೆ ಅನ್ನುವುದು ಅವಳಿಗೇ ಗೊತ್ತಿಲ್ಲ. ಕತ್ತಿ ತಿವಿಸಿಕೊಂಡು ಸತ್ತಿದ್ದಾಳೆ, ಹಡಗು ಮುಳುಗಿ ಸತ್ತಿದ್ದಾಳೆ, ರೆಕ್ಕೆ ಇರುವ ಹಲ್ಲಿಯ ಬಾಯಿಗೆ ಸಿಕ್ಕಿ ಸತ್ತಿದ್ದಾಳೆ. ಸತ್ತ ಸಂಜೆಯೇ ಬಸ್ಸು ಹತ್ತಿ ಮನೆಗೆ ಬಂದು, ಸೆರಗು ಸಿಕ್ಕಿಸಿ ಒಲೆ ಹಚ್ಚಿದ್ದಾಳೆ.

ಕೆಲಸವೇ ಅಂಥದ್ದು. ಹೊರದೇಶದ ಸಿನಿಮಾ ಸೀರಿಯಲ್ಲುಗಳಿಗೆ ನಮ್ಮ ಮಾತಿನಲ್ಲಿ ದನಿ ಕೊಡುವ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳು ಗುಂಪು. ಗುಂಪಿನಲ್ಲಿ ಒಬ್ಬಳಲ್ಲ, ಗುಂಪೇ ಅವಳು. ಊರಿಗೆ ಬೆಂಕಿ ಬಿದ್ದರೆ ‘ಅಯ್ಯೋ, ಓಡಿ, ಓಡಿ!’ ಅನ್ನುವ ಹೆಂಗಸು ಅವಳು. ಆ ಹೆಂಗಸಿನ ಹಿಂದೆ ಬಾಯಿ ಬಡಿದುಕೊಳ್ಳುವ ಅತ್ತೆ ಅವಳು. ಆ ಅತ್ತೆಯ ಕಂಕುಳಲ್ಲಿ ಚಿಟ್ಟನೆ ಚೀರುವ ಕೂಸೂ ಅವಳೇ. ಅದಕ್ಕೇ ಸ್ಟುಡಿಯೋದವರು ಗುಂಪಕ್ಕ ಅಂತ ಹೆಸರಿಟ್ಟರು. ಬಳೆ ಬಿಚ್ಚಿಟ್ಟು, ಸರಸರ ಅನ್ನದ ಹತ್ತಿ ಸೀರೆ ಉಟ್ಟು, ಮೈಕಿಗೆ ಹೊಟ್ಟೆಯ ಗುರುಗುರು ಕೇಳಿಸದಿರಲಿ ಅಂತ ಎರಡು ತುತ್ತು ತಿಂದು, ವರ್ಷಗಟ್ಟಲೆ ಅವಳು ಓಡಿದ್ದೇ ಓಡಿದ್ದು. ಯಾವ ಸಿನಿಮಾದಲ್ಲೂ ಎಲ್ಲಿಗೂ ತಲುಪಲಿಲ್ಲ.

ಹಾಗಿದ್ದವಳಿಗೆ ಬೀಗದಜ್ಜಿ ಸಿಕ್ಕಿದ್ದು ಯಾರದೋ ನೆಗಡಿಯಿಂದ.

‘ಬೂದಿನಾಡು’ ಅನ್ನುವ ಸೀರಿಯಲ್ಲು. ಉರಿಯುವ ಬೆಟ್ಟ, ಮಾತಾಡುವ ತೋಳ, ಸಿಂಹಾಸನಕ್ಕೆ ಕಚ್ಚಾಡುವ ಅಣ್ಣತಮ್ಮಂದಿರು. ಅದರಲ್ಲಿ ಕೋಟೆಯ ಬೀಗದಕೈಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಕುಂಟುವ ಒಬ್ಬ ಮುದುಕಿ. ಮೊದಲಿಗೆ ಒಂದೇ ದೃಶ್ಯ ಅಂದಿದ್ದರು. ದನಿ ಕೊಡಬೇಕಾದವರಿಗೆ ಮೂಗು ಕಟ್ಟಿತ್ತು. ಡಬ್ಬಿಂಗ್ ಡೈರೆಕ್ಟರು ಸುತ್ತ ನೋಡಿದರು, ಬಾಗಿಲ ಬಳಿ ನೀರು ಕುಡಿಯುತ್ತಿದ್ದ ಗುಂಪಕ್ಕ ಕಂಡಳು. “ಒಂದು ಸಾಲು ಹೇಳಿ ಹೋಗಮ್ಮಾ” ಅಂದರು.

ಪರದೆಯ ಮೇಲೆ ಯುದ್ಧ ಗೆದ್ದ ರಾಜ ಕೆಸರುಗಾಲಲ್ಲಿ ಒಳಗೆ ಬರುತ್ತಾನೆ. ಮುದುಕಿ ತಡೆಯುತ್ತಾಳೆ. ಗುಂಪಕ್ಕನಿಗೆ ಯೋಚಿಸಲು ಹೊತ್ತಿರಲಿಲ್ಲ. ಮನೆಯಲ್ಲಿ ದಿನಾ ಬೆಳಗ್ಗೆ ಕೇಳುವ ದನಿಯನ್ನೇ, ಅದರ ಕೆಮ್ಮಿನ ಸಮೇತ, ಎತ್ತಿ ಮೈಕಿನ ಮುಂದೆ ಇಟ್ಟಳು. “ಯಾವನೋ ಅವನು? ಕಾಲು ಒರೆಸ್ಕೊಂಡು ಬಾ!”

ಅಲ್ಲಿಂದ ಬೀಗದಜ್ಜಿ ಬೆಳೆದದ್ದೇ ಬೆಳೆದದ್ದು. ಒಂದು ದೃಶ್ಯ ಹತ್ತಾಯಿತು. ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ಬೀದಿಯ ಮಕ್ಕಳಿಂದ ಹಿಡಿದು ಬ್ಯಾಂಕಿನ ಕಾವಲುಗಾರನವರೆಗೆ ಎಲ್ಲರೂ ಒಬ್ಬರಿಗೊಬ್ಬರು ‘ಕಾಲು ಒರೆಸ್ಕೊಂಡು ಬಾ’ ಅನ್ನತೊಡಗಿದ್ದರು. ಆ ದನಿಯ ಅಸಲಿ ಒಡತಿಯಾದ ಗುಂಪಕ್ಕನ ಅತ್ತೆ ಮಾತ್ರ ಮೊದಲ ದಿನವೇ ಸೋಫಾದಿಂದ ಎದ್ದು ನಿಂತಿದ್ದರು.

“ಏಯ್, ಇದು ನನ್ನ ಕೆಮ್ಮು ಕಣೇ!”

“ಹೌದು ಅತ್ತೆ. ತಪ್ಪಾಯ್ತಾ?”

“ತಪ್ಪೇನಿಲ್ಲ. ಕೆಮ್ಮು ಇನ್ನೂ ಸ್ವಲ್ಪ ಆಳದಿಂದ ಬರಬೇಕಿತ್ತು.”

ಈಗ ಕತೆ ಕುತ್ತಿಗೆಗೆ ಬಂದಿತ್ತು. ಕೊನೆಗೆ ಒಂದು ಕಂತು ಉಳಿದಿರುವಾಗ ಬೀಗದಜ್ಜಿ ಎಲ್ಲರನ್ನೂ ಕೋಟೆಯೊಳಗೆ ತಳ್ಳಿ, ಕಲ್ಲಿನ ಬಾಗಿಲನ್ನು ಹೊರಗಿನಿಂದ ತಾನೇ ಬೀಗ ಹಾಕಿ, ಸೇತುವೆಯ ಮೇಲೆ ಶತ್ರು ಸೈನ್ಯಕ್ಕೆ ಎದುರಾಗಿ ಒಬ್ಬಳೇ ನಿಂತಳು. ಕಾಲ ಕೆಳಗಿನ ಸೇತುವೆ ಬಿರುಕು ಬಿಟ್ಟಿತು. ಅಲ್ಲಿಗೆ ಕಂತು ಮುಗಿಯಿತು.

ಬೀದಿ ಎರಡು ಪಾಲಾಯಿತು.

ಕಟಿಂಗ್ ಶಾಪಿನವನು ಬೀಗದಜ್ಜಿ ಸಾಯ್ತಾಳೆ ಅನ್ನುವವರ ಪಾಲಿಗೆ ಯಜಮಾನ. ಗುಂಪಕ್ಕ ಅಂಗಡಿ ಮುಂದೆ ಹಾದು ಹೋಗುತ್ತಿದ್ದರೆ ಕತ್ತರಿ ಎತ್ತಿ ನಿಲ್ಲಿಸಿದ.

“ಏನಕ್ಕಾ, ಮುದುಕಿ ಗಂಟುಮೂಟೆ ಕಟ್ಟಿದ್ಳಂತೆ?”

“ಯಾರಪ್ಪ ಹೇಳಿದ್ದು ನಿಂಗೆ?”

“ಹೇಳೋದೇನು? ಹಿಂದೆ ಕಲ್ಲಿನ ಬಾಗಿಲು, ಮುಂದೆ ಸೈನ್ಯ, ಕೆಳಗೆ ಪ್ರಪಾತ. ಕುಂಟಕಾಲಲ್ಲಿ ಹಾರ್ತಾಳಾ?”

ಕುರ್ಚಿಯಲ್ಲಿ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಎಲೆಕ್ಟ್ರಿಶಿಯನ್ನು ಕನ್ನಡಿಯಲ್ಲೇ ಜಗಳಕ್ಕೆ ಬಂದ. “ಅಲ್ಲಯ್ಯಾ, ಬೀಗದಕೈ ಗೊಂಚಲನ್ನೆಲ್ಲ ಕೋಟೆಯೊಳಗಿನ ಅಡುಗೆ ಹುಡುಗಿ ಕೈಗೆ ಕೊಟ್ಟಳು, ಸರಿ. ಒಂದು ಬೀಗದಕೈ ಮಾತ್ರ ಬಾಯೊಳಗೆ ಹಾಕ್ಕೊಂಡಳಲ್ಲ, ಅದು ಯಾಕೆ? ಸೇತುವೆ ಕೆಳಗೆ ಇನ್ನೊಂದು ಬಾಗಿಲಿದೆ, ಬರ್ಕೋ.”

“ಬಾಯಲ್ಲಿ ಬೀಗದಕೈ ಇಟ್ಕೊಂಡು ಅಷ್ಟೆತ್ತರದಿಂದ ಬಿದ್ರೆ ಗಂಟಲಿಗೆ ಸಿಕ್ಕೊಂಡೇ ಸಾಯ್ತಾಳೆ. ಮುಖ ಅಲ್ಲಾಡಿಸ್ಬೇಡ, ಕಿವಿ ಹೋಗುತ್ತೆ.” ಮತ್ತೆ ಗುಂಪಕ್ಕನ ಕಡೆ ತಿರುಗಿದ. “ಅಕ್ಕಾ, ನಿಮಗಂತೂ ಗೊತ್ತಿರುತ್ತೆ. ಒಂದ್ಸಲ ಕಣ್ಣು ಮಿಟುಕಿಸಿ ಸಾಕು.”

“ಕೊನೇ ಕಂತು ಇನ್ನೂ ನನ್ನ ಕೈಗೇ ಬಂದಿಲ್ಲ. ಬಂದ್ರೂ ಹೇಳಲ್ಲ, ಬಾಯಿ ಬಿಡಲ್ಲ ಅಂತ ಕಾಗದಕ್ಕೆ ಸಹಿ ಹಾಕಿದ್ದೀನಿ. ಆದ್ರೆ ಒಂದು ಮಾತು ಕೇಳ್ಕೋ. ಸಾಯೋ ಪಾತ್ರ ಹೇಗಿರುತ್ತೆ ಅಂತ ನಂಗೆ ಗೊತ್ತು, ಹೋದ ವಾರವೂ ಸತ್ತು ಬಂದಿದ್ದೀನಿ. ಸಾಯಿಸೋ ಮುಂಚೆ ಅವರನ್ನ ಒಳ್ಳೇವರನ್ನಾಗಿ ಮಾಡ್ತಾರೆ. ಹಳೇ ಜಗಳ ಮರೀತಾರೆ, ಯಾರದೋ ತಲೆ ಸವರ್ತಾರೆ, ಆಕಾಶ ನೋಡ್ತಾರೆ. ನನ್ನ ಮುದುಕಿ ತಲೆ ಸವರಿದ್ಳಾ? ಬಾಗಿಲು ಹಾಕೋವಾಗ್ಲೂ ರಾಜನ್ನ ‘ಮುಠ್ಠಾಳ’ ಅಂತ ಬೈದ್ಳು. ಇಷ್ಟು ಸಿಟ್ಟಿರೋರು ಸಾಯಲ್ಲ.”

“ನೋಡೋಣ ಬಿಡಿ” ಅಂದ ಅವನು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಬೀದಿಯಲ್ಲಿ ದನಿ ಜೋರು ಮಾಡಿದ ಗುಂಪಕ್ಕನಿಗೆ ಮನೆ ಮೆಟ್ಟಿಲು ಹತ್ತುವಾಗ ಎದೆ ಅಳುಕಿತು. ಬೀಗದಜ್ಜಿ ಹೋದರೆ ಬೀದಿಗೆ ಒಂದು ವಾರದ ದುಃಖ. ಅವಳಿಗೆ ಮಾತ್ರ ಮತ್ತೆ ಅದೇ ‘ಓಡಿ, ಓಡಿ’. ಹೆಸರಿದ್ದ ಒಂದೇ ಒಂದು ದನಿ ಕೈತಪ್ಪಿ ಹೋಗುತ್ತಿತ್ತು.

ಒಳಗೆ ಅತ್ತೆ ಕಾಯುತ್ತಿದ್ದರು. ಕಾಲು ಒರೆಸಿದ ಮೇಲೇ ಮಾತು.

“ಸಾಯಿಸ್ತಾರೆ ಕಣೇ. ಕತೇಲಿ ಮುದುಕಿ ಇಡೋದೇ ಅದಕ್ಕೆ. ಹುಡುಗ ಹುಡುಗಿ ಸತ್ರೆ ಮುಂದೆ ಕತೆ ನಡೆಯಲ್ಲ. ಮುದುಕಿ ಸತ್ರೆ ನಾಲ್ಕು ಜನ ಅತ್ತು ಕಣ್ಣೊರೆಸ್ಕೊಂಡು ಮುಂದೆ ಹೋಗ್ತಾರೆ. ಖರ್ಚಿಲ್ಲದ ಸಾವು.”

“ಹಾಗೇನಿಲ್ಲ ಅತ್ತೆ.”

“ಹಾಗಲ್ದೆ ಇನ್ನೇನು? ನೀನು ಬಿಡ್ಬೇಡ. ನನ್ನ ದನಿ ಅದು. ನನ್ನ ಕೇಳ್ದೆ ಸಾಯಿಸೋಕೆ ಅವರ್ಯಾರು?”

ಕೊನೇ ಕಂತಿನ ಧ್ವನಿ ಹಾಕುವ ದಿನ ಗುಂಪಕ್ಕ ಬಳೆಯ ಜೊತೆ ಕೈಗಡಿಯಾರವನ್ನೂ ಬಿಚ್ಚಿಟ್ಟಳು. ಕಿವಿಗೆ ಹೆಡ್‌ಫೋನ್ ಹಾಕಿ, ಮೈಕಿನ ಮುಂದೆ ಉಸಿರಿನ ರಭಸ ತಡೆಯುವ ಬಲೆಯಿಂದ ಒಂದು ಗೇಣು ದೂರ ನಿಂತಳು. ಗಾಜಿನ ಆಚೆ ಡೈರೆಕ್ಟರು, ಅವರ ಪಕ್ಕ ಗುಂಡಿಗಳ ಮುಂದೆ ಸೌಂಡ್ ಇಂಜಿನಿಯರ್ ಹುಡುಗಿ.

ಸೇತುವೆ ಮುರಿಯಿತು. ಬೀಗದಜ್ಜಿ ಬಿದ್ದಳು. ಗುಂಪಕ್ಕ ಕೂಗಿದಳು, ಆದರೆ ಹೆದರಿದ ಕೂಗಲ್ಲ, ಯಾರೋ ಕೆಸರುಗಾಲಲ್ಲಿ ಬಂದಾಗ ಬೈಯುವ ಕೂಗು. ಡೈರೆಕ್ಟರು ಹೆಬ್ಬೆರಳು ಎತ್ತಿದರು. ಆಮೇಲೆ ಪರದೆಯಲ್ಲಿ ಕಲ್ಲಿನ ರಾಶಿ, ಅದರ ನಡುವೆ ಮುದುಕಿಯ ಮುಖ. ಬಾಯಿ ಅರೆ ತೆರೆದಿತ್ತು, ಕಣ್ಣು ಮುಚ್ಚಿತ್ತು. ಮುಖ ಅಲುಗಲಿಲ್ಲ. ಮೂಲದಲ್ಲಿ ಸದ್ದೇ ಇಲ್ಲ. ನಿಧಾನಕ್ಕೆ ಕತ್ತಲು ಕವಿಯಬೇಕು.

ಗುಂಪಕ್ಕ ಆ ಮುಖ ನೋಡಿದಳು. ಈ ಮುಖ ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲಿ ತಲೆ ವಾಲಿಸಿ ಮಲಗುವ ಅತ್ತೆಯದು ಇದೇ ಮುಖ. ಎಷ್ಟು ಹೊತ್ತಾದರೂ ಎದೆ ಏಳುವುದಿಲ್ಲ. ಸೊಸೆ ಗಾಬರಿಯಾಗಿ ಹತ್ತಿರ ಹೋಗಿ ಬಗ್ಗಬೇಕು, ಆಗ ಒಮ್ಮೆಲೇ, ಒಣಮರಕ್ಕೆ ಗರಗಸ ಎಳೆದ ಹಾಗೆ, ಒಂದು ಉಸಿರು ಬರುತ್ತದೆ.

ಕತ್ತಲು ಕವಿಯುವ ಮುಂಚೆ ಗುಂಪಕ್ಕ ಆ ಉಸಿರನ್ನು ಎಳೆದಳು.

“ಕಟ್! ಏನಮ್ಮಾ ಅದು?” ಹೆಡ್‌ಫೋನಿನಲ್ಲಿ ಡೈರೆಕ್ಟರ ದನಿ.

“ಉಸಿರು ಸಾರ್.”

“ಮೂಲದಲ್ಲಿ ಉಸಿರಿಲ್ಲ.”

“ಇಲ್ಲ ಅಂತ ಯಾರು ಹೇಳಿದ್ರು? ಕೇಳಿಸ್ತಿಲ್ಲ ಅಷ್ಟೆ. ನಮ್ಮತ್ತೆ ದಿನಾ ಹೀಗೇ ಮಲಗ್ತಾರೆ.”

“ನಿಮ್ಮತ್ತೆ ವಿಷಯ ಬೇಡ. ಇನ್ನೊಂದು ಟೇಕ್.”

ಇನ್ನೊಂದು ಟೇಕಿನಲ್ಲೂ ಉಸಿರು ಬಂತು. ಮೂರನೆಯದರಲ್ಲಿ ಇನ್ನೂ ಉದ್ದಕ್ಕೆ ಬಂತು. ಇಂಜಿನಿಯರ್ ಹುಡುಗಿ ತುಟಿ ಕಚ್ಚಿ ನಗು ನುಂಗಿದಳು. ಡೈರೆಕ್ಟರಿಗೆ ಸಿಟ್ಟು ನೆತ್ತಿಗೇರಿತು.

“ನಿನ್ನ ಕೈಲಿ ಆಗಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ!”

“ಕರೆಸಿ ಸಾರ್. ಸತ್ತ ಮುದುಕಿಗೆ ದನಿ ಯಾಕೆ ಬೇಕು? ಬೇರೆಯವರು ಬಂದು ಏನು ಮಾಡ್ತಾರೆ, ಮೈಕಿನ ಮುಂದೆ ಸುಮ್ನೆ ನಿಂತ್ಕೋತಾರಾ?”

ಗಾಜಿನ ಆಚೆ ಡೈರೆಕ್ಟರು ಹಣೆ ಒತ್ತಿಕೊಂಡು, “ಆ ಉಸಿರು ಕತ್ತರಿಸಮ್ಮಾ” ಅಂತ ಹುಡುಗಿಗೆ ಹೇಳಿದರು. ಎದ್ದು ಹೊರಗೆ ಬಂದಾಗ ದನಿ ಇಳಿದಿತ್ತು. “ನೋಡು, ಬದುಕಿದ್ದಾಳೋ ಇಲ್ವೋ ನಂಗೂ ಹೇಳಿಲ್ಲ. ನಾಲ್ಕನೇ ಭಾಗ ಬಂದ್ಮೇಲೆ ನೋಡೋಣ. ಸದ್ಯಕ್ಕೆ ಮುಂದಿನ ವಾರ ಒಂದು ಭೂಕಂಪದ ಸಿನಿಮಾ ಇದೆ. ಗುಂಪಿಗೆ ಬಂದ್ಬಿಡು.”

ಗುಂಪಕ್ಕ ಬಳೆ ಒಂದೊಂದಾಗಿ ಏರಿಸಿಕೊಂಡಳು.

“ಬರಲ್ಲ ಸಾರ್.”

“ಯಾಕೆ?”

“ಇನ್ನು ನಾನು ಓಡಲ್ಲ. ನಿಂತ್ಕೊಂಡು ಬೈಯೋ ಪಾತ್ರ ಇದ್ರೆ ಹೇಳಿ ಕಳಿಸಿ, ಬರ್ತೀನಿ.”

ಹೇಳಿಬಿಟ್ಟಳು. ಬಸ್ಸಿನಲ್ಲಿ ಕೂತ ಮೇಲೆ ತಿಂಗಳ ಖರ್ಚನ್ನು ಎರಡೆರಡು ಸಲ ಲೆಕ್ಕ ಹಾಕಿದಳು, ಅದು ಬೇರೆ ಮಾತು.

ಮುದುಕಿ ಉಳಿದಳಾ ಅಂತ ಮನೆಯಲ್ಲಿ ಅತ್ತೆ ಕೇಳಿದರು, ಗುಂಪಕ್ಕ ಹೇಳಲಿಲ್ಲ. ಅತ್ತೆ ಮಾತು ಬಿಟ್ಟರು. ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. “ಮನೇಲೇ ಇರೋಳು ಬಾಯಿಗೆ ಬೀಗ ಹಾಕ್ಕೊಂಡಿದ್ದಾಳೆ. ಇವಳಿಗಿಂತ ಆ ಕಾಗದವೇ ಹೆಚ್ಚಾಯ್ತು.” ಸೊಸೆ ನಗು ತಡೆದುಕೊಂಡು ಲೋಟ ತಂದಿಡುತ್ತಿದ್ದಳು.

ಕೊನೇ ಕಂತಿನ ಸಂಜೆ ಬೀದಿಯೆಲ್ಲ ಕಟಿಂಗ್ ಶಾಪಿನಲ್ಲಿತ್ತು. ಟೀವಿ ಅಲ್ಲೇ ದೊಡ್ಡದು. ಅತ್ತೆಗೆ ತಿರುಗುವ ಕುರ್ಚಿ ಸಿಕ್ಕಿತು. ಗುಂಪಕ್ಕ ಅವರ ಹಿಂದೆ ನಿಂತಳು. ಸುತ್ತ ಕನ್ನಡಿ ಇದ್ದದ್ದರಿಂದ ಸೇತುವೆ ಮುರಿದಾಗ ನಾಲ್ಕೂ ಗೋಡೆಗಳಲ್ಲಿ ಮುರಿಯಿತು, ಎಲ್ಲ ಕನ್ನಡಿಗಳಲ್ಲೂ ಬೀಗದಜ್ಜಿ ಬಿದ್ದಳು. ಅವಳ ಬೈಗುಳ ಕೇಳಿ ಎಲೆಕ್ಟ್ರಿಶಿಯನ್ನು ಚಪ್ಪಾಳೆ ತಟ್ಟಿದ. ಆಮೇಲೆ ಕಲ್ಲಿನ ರಾಶಿ, ಆ ಮುಖ.

ಗುಂಪಕ್ಕ ಕಿವಿ ನೆಟ್ಟಳು. ಇಂಜಿನಿಯರ್ ಹುಡುಗಿ ಉಸಿರನ್ನು ಕತ್ತರಿಸದೆ ಬಿಟ್ಟಿರಬಹುದೇನೋ ಅಂತ ಒಂದು ಸಣ್ಣ ಆಸೆ.

ಬಿಟ್ಟಿರಲಿಲ್ಲ. ಕೂದಲೆಳೆಯಷ್ಟೂ ಸದ್ದಿಲ್ಲ. ಪರದೆ ಕತ್ತಲಾಯಿತು, ಹೆಸರುಗಳು ಹರಿಯತೊಡಗಿದವು. ಅಂಗಡಿಯೊಳಗೆ ಯಾರೋ ಮೂಗು ಒರೆಸಿಕೊಂಡರು. ಕಟಿಂಗ್ ಶಾಪಿನವನು ಗೆದ್ದಿದ್ದರೂ ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ರಿಮೋಟ್ ಹಿಡಿದುಕೊಂಡು ಮೆಲ್ಲಗೆ ಅಂದ, “ಹೋದ್ಳು ಪಾಪ. ಹೇಳಿರ್ಲಿಲ್ವಾ ನಾನು?”

ಅತ್ತೆ ತಿರುಗುವ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದರು. ಹಿಂದಿನಿಂದ ಅವರ ಬಿಳಿ ಜಡೆಯ ಗಂಟು ಮಾತ್ರ ಗುಂಪಕ್ಕನಿಗೆ ಕಾಣುತ್ತಿತ್ತು. ಅದು ಯಾವತ್ತಿಗಿಂತ ಚಿಕ್ಕದಾಗಿ ಕಂಡಿತು.

ಗುಂಪಕ್ಕ ಬಾಯಿ ತೆರೆದಳು. ಎದೆಯ ತಳದಿಂದ, ಒಣಮರಕ್ಕೆ ಗರಗಸ ಎಳೆದ ಹಾಗೆ, ಆ ಉಸಿರನ್ನು ಎಳೆದಳು.

ಅಂಗಡಿಗೆ ಅಂಗಡಿಯೇ ಬೆಚ್ಚಿ ತಿರುಗಿತು. ಕನ್ನಡಿಗಳಲ್ಲೆಲ್ಲ ಅವಳ ಮುಖ.

“ಅಕ್ಕಾ!” ಕಟಿಂಗ್ ಶಾಪಿನವನ ಕೈಯಿಂದ ರಿಮೋಟ್ ಜಾರಿತು. “ಬದುಕಿದ್ದಾಳಾ? ಹಾಗಾದ್ರೆ ಬದುಕಿದ್ದಾಳಾ?”

ತನ್ನದೇ ಅಂಗಡಿಯಲ್ಲಿ, ಕಾಲ ತುಂಬ ಬೇರೆಯವರ ಕೂದಲು ಮೆತ್ತಿಕೊಂಡು ನಿಂತಿದ್ದ ಅವನನ್ನು ಗುಂಪಕ್ಕ ಮೇಲಿಂದ ಕೆಳಗೆ ನೋಡಿದಳು. ಮಾತು ಬೀಗದಜ್ಜಿಯ ದನಿಯಲ್ಲಿ ಬಂತು. “ಮೊದ್ಲು ಕಾಲು ಒರೆಸ್ಕೊಂಡು ಬಾ. ಆಮೇಲೆ ಕೇಳು.”

ನಗು ಎದ್ದಿತು, ಅದರ ನಡುವೆ ಕುರ್ಚಿ ಕಿರ್ರನೆ ತಿರುಗಿತು. ವಾರದ ಮೇಲೆ ಅತ್ತೆ ಸೊಸೆಯ ಮುಖಕ್ಕೇ ಮಾತಾಡಿದರು.

“ಏನೇ ಇದು? ಕಾಗದಕ್ಕೆ ಸಹಿ ಹಾಕಿದ್ದೀನಿ ಅಂತ ನನ್ನ ಹತ್ರ ಬಿಗುಮಾನ ಮಾಡಿದ್ಯಲ್ಲ, ಈಗ ಊರಿಗೆಲ್ಲ ಹೇಳ್ತೀಯಾ?”

“ನಾನೇನು ಹೇಳಿದೆ ಅತ್ತೆ? ಉಸಿರಾಡಿದೆ ಅಷ್ಟೆ. ಉಸಿರಾಡಬಾರದು ಅಂತ ಆ ಕಾಗದದಲ್ಲಿ ಎಲ್ಲೂ ಬರೆದಿಲ್ಲ.”

ಅತ್ತೆ ಅವಳನ್ನೇ ದಿಟ್ಟಿಸಿದರು. ತುಟಿಯ ಒಂದು ತುದಿ ಮೇಲೆ ಹೋಯಿತು.

“ಅದು ನನ್ನ ಉಸಿರು ಕಣೇ.”

“ಹೌದು ಅತ್ತೆ.”

“ಹಾಗಾದ್ರೆ ಇನ್ನೊಂದ್ಸಲ ಎಳಿ. ಇವನಿಗೆ ಕಿವಿ ಮಂದ.”

ಗುಂಪಕ್ಕ ಎಳೆದಳು.