ಹೆಂಡತಿಯ ಗಾಲ್ಫ್ ಚೀಲ ಹೊತ್ತ ಗಂಡ

ಗೆಳೆಯರೇ, ಗಾಲ್ಫ್ ಎಂದರೆ ಶ್ರೀಮಂತರ ಸೋಮಾರಿತನ ಎಂದು ಸಾರಲು ಜೋಳಿಗೆ ತುಂಬ ಕರಪತ್ರ ಹೊತ್ತೇ ಇವತ್ತು ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಹೆಂಗಸರ ದೊಡ್ಡ ಚಾಂಪಿಯನ್‌ಶಿಪ್ಪಿಗೆ ಹೋಗಿದ್ದೆ. ಒಂದನ್ನೂ ಹಂಚಲಿಲ್ಲ.

ಕೊನೆಯ ಕುಳಿ. ಚೆಂಡು ಒಳಗೆ ಬಿದ್ದರೆ ಹೊಡೆಯಲು ನಿಂತ ಆಟಗಾರ್ತಿಗೆ ಪ್ರಶಸ್ತಿ. ಅವಳ ಭಾರದ ಚೀಲ ಹೊತ್ತು ದಾರಿ ಹೇಳುತ್ತಿದ್ದವನು ಅವಳ ಗಂಡನೇ. "ಸ್ವಲ್ಪ ಎಡಕ್ಕೆ ಹೊಡಿ" ಎಂದದ್ದು ಹಗ್ಗದಾಚೆ ನಿಂತ ನಮಗೂ ಕೇಳಿಸಿತು. "ಇಲ್ಲ, ನೇರ" ಎಂದಳು. ಹಾಗೇ ಹೊಡೆದಳು. ಚೆಂಡು ಕುಳಿಯ ಅಂಚು ಸವರಿ ಬಲಕ್ಕೆ ಜಾರಿತು. ಪ್ರಶಸ್ತಿ ಹೋಯಿತು.

ಗಂಡ ಹತ್ತಿರ ಬಂದ. ಅವಳ ಕೈಯಿಂದ ಕೋಲು ತೆಗೆದುಕೊಂಡು, ಟವೆಲಿನಿಂದ ಒರೆಸಿ, ಚೀಲಕ್ಕೆ ಹಾಕಿ, ಹೆಗಲು ತಟ್ಟಿದ.

"ನೋಡೇ, 'ನಾನು ಮೊದಲೇ ಹೇಳಿದ್ದೆ' ಅಂತ ಅನ್ನಲೇ ಇಲ್ಲ ಅವನು!" ಚಿಕ್ಕಮ್ಮ ದೇವರನ್ನು ಕಂಡವರಂತೆ ಪಿಸುಗುಟ್ಟಿದರು. ನನಗೂ ಮೈ ಜುಂ ಎಂದಿತು. ಸಮಾನತೆಯ ಬಗ್ಗೆ ನಾನು ಓದಿದ ಯಾವ ಕರಪತ್ರದಲ್ಲೂ ಇದು ಇರಲಿಲ್ಲ.

"ಮನೆಗೆ ಹೋಗಿ ಹೇಳ್ತಾನೆ, ಬಿಡು" ಎಂದರು ಚಿಕ್ಕಪ್ಪ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವರು ಚಿಕ್ಕಪ್ಪ. ಹೆದ್ದಾರಿಯಲ್ಲಿ ಚಿಕ್ಕಮ್ಮ ತೊಡೆಯ ಮೇಲೆ ಮ್ಯಾಪು ಹರಡಿಕೊಂಡು, "ಇದೇ ನಮ್ಮ ಎಕ್ಸಿಟ್ಟು, ಬಲಕ್ಕೆ ತಗೊಳ್ಳಿ" ಎಂದರು. "ನನಗೆ ಗೊತ್ತುಂಟು" ಎಂದು ಚಿಕ್ಕಪ್ಪ ನೇರ ಹೋದರು. ನಮ್ಮ ಊರು ವಾಲ್ನಟ್ ಕ್ರೀಕ್ ಹಿಂದೆ ಉಳಿಯಿತು. ಚಿಕ್ಕಮ್ಮ ಮ್ಯಾಪು ಮಡಿಸಿದರು, ಗಂಡನ ಹೆಗಲು ತಟ್ಟಿದರು, ಸುಮ್ಮನೆ ಕೂತರು.

ಹತ್ತಾರು ಮೈಲಿ ಆಚೆಯ ಡಬ್ಲಿನ್ ಊರು ಬರುವಷ್ಟರಲ್ಲಿ ಚಿಕ್ಕಪ್ಪ ಸೋತಿದ್ದರು: "ಒಮ್ಮೆ ಹೇಳಿಬಿಡು ಮಾರಾಯ್ತಿ, ನನ್ನಿಂದ ತಡೆಯಲಿಕ್ಕೆ ಆಗುವುದಿಲ್ಲ!"