ರಿಮ್ಮಿಗೆ ಹಚ್ಚಿದ ಎಣ್ಣಿ

ಏಳು ವರ್ಷದ ಹಿಂದಿನ ಆಯುಧ ಪೂಜಾದ ಮಾತು. ನಾನು ಸಿಂಧನೂರಿನ ಒಂದು ಅಕ್ಕಿ ಗಿರಣಿಯಾಗ ಮಷೀನು ನೋಡಿಕೊಳ್ಳಾವ. ಎಲ್ಲಿ ಕಿರ್ ಅಂದರೂ ಅಲ್ಲಿ ಎರಡು ಹನಿ ಎಣ್ಣಿ ಬಿಡೋದು, ಅದ ನನ್ನ ಕೆಲಸ. ಇಪ್ಪತ್ತು ವರ್ಷ ಅದನ್ನ ಮಾಡಿ, ನನಗ ಎಲ್ಲಾ ತಿಳೀತೈತಿ ಅನ್ನೋ ಧಿಮಾಕು ಬಂದಿತ್ತು.

ನನ್ನ ಹೆಂಡತಿ ಶರಣಮ್ಮ ನಲವತ್ತು ದಾಟಿದ ಮ್ಯಾಲೆ ಸೈಕಲ್ ಕಲಿತಾಕಿ. ಮಗಳು ಹೈಸ್ಕೂಲ್ ಮುಗಿಸಿ ಬಿಟ್ಟ ಸೈಕಲ್ ಅದು. ಸಾಲಗುಂದದ ನಮ್ಮ ಓಣಿ ಹೆಂಗಸರು "ಈ ವಯಸ್ಸಿನಾಗ ಇದೇನಬೇ ಹುಚ್ಚು" ಅಂತ ನಕ್ಕರೂ ಬಿಡಲಿಲ್ಲ. ಕಾಲುವೆ ಆಚೆ ಊರಿಗೆ ಅದರ ಮ್ಯಾಲೆ ಹೋಗಿ, ಹೆಣ್ಣುಮಕ್ಕಳಿಗೆ ಜಂಪರ್ ಹೊಲಿಯೋದು ಕಲಿಸಿ ಬರತಿದ್ದಳು. ಆಕಿ ಪೆಡಲ್ ತುಳಕೊಂತ ಹೊಂಟಾಗ ಮಾರಿ ನೋಡಬೇಕಿತ್ತು!

ಪೂಜಾದ ಮುಂಜಾನೆ "ಬ್ರೇಕ್ ಹಿಡಿದರ ಚೀರತೈತಿ ನೋಡ್ರೀ" ಅಂದಳು. "ಅಷ್ಟ ಹೌದಲ್ಲ? ನಾ ಅದೀನಲ್ಲ" ಅಂದೆ. ಸೈಕಲ್ ತೊಳೆದು, ಹಳೇ ಬಟ್ಟಿಗೆ ಗಿರಣಿ ಎಣ್ಣಿ ಹಚ್ಚಿ, ರಿಮ್ಮು ಫಳಫಳ ಹೊಳೆಯೋ ಹಂಗ ತಿಕ್ಕಿದೆ. ಬ್ರೇಕಿನ ರಬ್ಬರಿಗೂ ಎರಡು ಹನಿ ಬಿಟ್ಟೆ. ವಿಭೂತಿ, ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದೆ. ಚೀರೋದು ಬಂದ್ ಆತು. ನಾ ಮೀಸಿ ತಿರುವಿದೆ.

ಹಬ್ಬ ಮುಗಿಸಿ ಆಕಿ ಕ್ಲಾಸಿಗೆ ಹೊಂಟಳು. ಕಾಲುವೆ ಸೇತುವೆ ಇಳಿಜಾರಿನಾಗ ಎಮ್ಮಿ ಅಡ್ಡ ಬಂತಂತ. ಎರಡೂ ಬ್ರೇಕ್ ಒತ್ತಿ ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಎಮ್ಮಿ ತಪ್ಪಿಸಾಕ ಹೋಗಿ ಕಲ್ಲಿನ ಕಟ್ಟೆಗೆ ಹೊಡೆದು ಬಿದ್ದಳು. ಮೊಣಕಾಲ ಚಿಪ್ಪು ಒಡೀತು. ದವಾಖಾನಿಯಾಗ ಒಂದ ಮಾತು ಅನಕೊಂತ ಅತ್ತಳು: "ನಾ ಗಾಬರಿಯಾಗಿ ಬ್ರೇಕ್ ಸರಿಯಾಗಿ ಹಿಡೀಲಿಲ್ರೀ. ಓಣಿಯವರು ಅಂದದ್ದ ಖರೆ ಆತು."

ಮರುದಿನ ಸೈಕಲ್ಲನ್ನ ಮಿಸ್ತ್ರಿ ಖಾಜಾಸಾಬರ ಅಂಗಡಿಗೆ ಒಯ್ದೆ. ಅವರು ರಿಮ್ಮಿನ ಮ್ಯಾಲೆ ಬೆರಳು ಎಳೆದು ನನ್ನ ಮಾರಿ ನೋಡಿದರು.

"ಯಾ ಪುಣ್ಯಾತ್ಮ ಹಚ್ಚ್ಯಾನ್ರೀ ಇದಕ್ಕ ಎಣ್ಣಿ? ಚೈನಿಗೆ ಹಚ್ಚಬೇಕು, ರಿಮ್ಮಿಗಲ್ಲ. ರಬ್ಬರು ರಿಮ್ಮನ್ನ ಕಚ್ಚಿ ಹಿಡಿದರ ಗಾಲಿ ನಿಲ್ಲತೈತಿ. ಎಣ್ಣಿ ಬಿದ್ದರ ಜಾರತೈತಿ."

ಸೋಪಿನ ನೀರಿಲೆ ರಿಮ್ಮು ತೊಳೆದು, ಎಣ್ಣಿ ಕುಡಿದ ರಬ್ಬರು ತೆಗೆದು ಹೊಸಾವು ಹಾಕಿದರು. ರಬ್ಬರಿನ ಮುಂದಿನ ತುದಿ ಚೂರ ರಿಮ್ಮಿನ ಕಡೆ ವಾಲಿಸಿ, ತಂತಿ ಬಿಗಿದು, "ಇಷ್ಟು ಮಾಡಿದ್ರ ಸಾಕಿತ್ತು, ಚೀರಾಟ ಹೋಗತಿತ್ತು" ಅಂದರು. ನಾನ ಹಚ್ಚೀನಿ ಅನ್ನಾಕ ಆಗಲಿಲ್ಲ.

ಮನಿಗೆ ಬಂದು ಶರಣಮ್ಮಗೂ ಹೇಳಲಿಲ್ಲ. ಮಷೀನು ಬಲ್ಲಾವ ಅನ್ನೋ ಹೆಸರು ಹೋಗತೈತಿ ಅಂತ ನಾಚಿಕಿ. ಮೂರು ತಿಂಗಳಿಗೆ ಡಾಕ್ಟರು "ಸೈಕಲ್ ತುಳೀರಿ, ಮೊಣಕಾಲಿಗೆ ಒಳ್ಳೇದು" ಅಂದರು. ಆಕಿ "ನನ್ನ ಕೈ ಮ್ಯಾಲೆ ನನಗ ನಂಬಿಕಿಲ್ಲ" ಅಂದು ಸೈಕಲ್ ಮುಟ್ಟಲಿಲ್ಲ. ಹೊಲಿಗಿ ಕ್ಲಾಸೂ ಬಿಟ್ಟಳು. ಯಾರರ ಕೇಳಿದರ "ನನಗ ಬ್ರೇಕ್ ಹಿಡಿಯಾಕ ಬರಲಿಲ್ಲ" ಅಂತ ತಾನ ನಗತಿದ್ದಳು. ನಾ ಪಕ್ಕದಾಗ ಕುಂತು ಚಾ ಕುಡೀತಿದ್ದೆ.

ಹೋದ ವರ್ಷ ಆ ಮೊಣಕಾಲು ಪೂರಾ ಸವೆದು, ಮಡಚಾಕ ಬರದಂಗ ಆತು. ಒಂದು ಸಂಜಿ ನಾ ಆಕಿ ಕಾಲಿಗೆ ಮುಲಾಮು ತಿಕ್ಕುವಾಗ ತಡಕೊಳ್ಳಾಕ ಆಗದ ಎಲ್ಲಾ ಹೇಳಿಬಿಟ್ಟೆ. ಬೈತಾಳ ಅನ್ಕೊಂಡಿದ್ದೆ. ಆಕಿ ಮುಲಾಮಿನ ಡಬ್ಬಿ ಮುಚ್ಚಿಟ್ಟು, "ಆವತ್ತ ಹೇಳಿದ್ರ ನಾ ಮತ್ತ ಸೈಕಲ್ ಹತ್ತತಿದ್ದೆನಲ್ರೀ" ಅಂದಳು.

ಎಣ್ಣಿ ಹಚ್ಚಿದ್ದು ತಿಳೀದ ಮಾಡಿದ್ದು. ಸುಮ್ಮನ ಇದ್ದದ್ದು ತಿಳಿದೂ ಮಾಡಿದ್ದು.